ಇಷ್ಟು ಪಸೆ ಇರಲಿ

ಬೀದಿಯ ತಿರುವಿನವರೆಗೆ ಬಂದವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಲು ಮತ್ತೆ ಮನೆಯ ಮೆಟ್ಟಿಲು ಹತ್ತಿದ. ಆರಿತ್ತು. ಆರದೆ ಉಳಿದ ದಿನ ಅವನ ಸಂಸಾರದಲ್ಲಿ ಒಂದೂ ಇಲ್ಲ. ಅದು ಅವನಿಗೂ ಗೊತ್ತು, ಗೊತ್ತಿದ್ದೂ ಹತ್ತುತ್ತಾನೆ. ಹೆಂಡತಿ ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುತ್ತ, ತಿರುಗಿಯೂ ನೋಡದೆ, ಒಲೆ ಆರಿದೆ, ನಲ್ಲಿ ನಿಂತಿದೆ, ಹಿಂಬಾಗಿಲ ಚಿಲಕ ಹಾಕಿದೆ, ನಾನೂ ಇಲ್ಲೇ ಇದ್ದೇನೆ, ಇನ್ನೇನಾದರೂ ಪರೀಕ್ಷೆ ಮಾಡುವುದಿದೆಯಾ ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ರೂಢಿಯಾದ ತಮಾಷೆಯಿತ್ತು. ಅವನಿಗೆ ಚುಚ್ಚುವುದು ಅದೇ. ಮದುವೆಯಾದ ಹೊಸತರಲ್ಲಿ ಅವಳನ್ನು ಸ್ಟೇಷನ್ನಿಗೆ ಎಷ್ಟು ಮುಂಚೆ ಕರೆದುಕೊಂಡು ಹೋಗಿದ್ದನೆಂದರೆ, ತಮ್ಮ ರೈಲಿಗೆ ಮುಂಚಿನ ರೈಲೇ ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತು ಅವಳು ಇಡೀ ಜನ್ಮಕ್ಕಾಗುವಷ್ಟು ನಕ್ಕಿದ್ದಳು. ಅವನು ನಗಲಿಲ್ಲ. ಯಾವುದಕ್ಕೂ ಇರಲಿ ಎಂಬುದು ಅವನ ತಾಯಿಯ ಮಾತು, ಅದನ್ನು ಕೇಳುತ್ತಲೇ ಬೆಳೆದವನು ಅವನು. ಅಂಥವನ ಕೈಗೆ ತಂದು ಒಂದು ಕಾರ್ಖಾನೆಯ ಒಣಗಿಸುವ ವಿಭಾಗವನ್ನು ಕೊಟ್ಟಿದ್ದರು, ಏನು ಹೇಳೋಣ.

ಕಾರ್ಖಾನೆಯಲ್ಲಿ ತಯಾರಾಗುವುದು ಕದಡಿದ ನೀರನ್ನು ತಿಳಿ ಮಾಡುವ ಹಳದಿ ಪುಡಿ. ಬೇಯಿಸುವ ವಿಭಾಗದ ಹಂಡೆಗಳಲ್ಲಿ ಅದು ಮೊದಲು ಜೇನುಬಣ್ಣದ ದ್ರವವಾಗಿ ಹುಟ್ಟುತ್ತದೆ. ಆಮೇಲೆ ನಾಲ್ಕಂತಸ್ತಿನ ಎತ್ತರದ ಉಕ್ಕಿನ ಗೋಪುರವೊಂದರ ನೆತ್ತಿಯಿಂದ ಅದನ್ನು ಮಂಜಿನಂತೆ ಚಿಮ್ಮಿಸಿ, ಜೊತೆಗೇ ಬಿಸಿಗಾಳಿ ಬಿಟ್ಟರೆ, ಕೆಳಗೆ ಬೀಳುವಷ್ಟರಲ್ಲಿ ನೀರು ಹಾರಿ ಪುಡಿ ಉಳಿಯುತ್ತದೆ. ಆ ಗೋಪುರ ಅವನದು. ಈ ತಿಂಗಳು ಹೊಳೆ ಕೆಂಪಾಗಿ ಹರಿಯುತ್ತಿತ್ತು. ಊರಿಗೆ ನೀರು ಕೊಡುವವರು ದಿನಕ್ಕೆ ಕಾಲು ಭಾಗ ಹೆಚ್ಚು ಪುಡಿ ಬೇಕೆಂದು ದುಂಬಾಲು ಬಿದ್ದಿದ್ದರು. ನಿನ್ನೆಯ ಸಭೆಯಲ್ಲಿ ಬೇಯಿಸುವ ವಿಭಾಗದ ಮುಖ್ಯಸ್ಥ, ಎಲ್ಲರೂ ಮೀಸೆ ಎಂದೇ ಕರೆಯುವ ಮಹಾನುಭಾವ, ನಮ್ಮ ಹಂಡೆಗಳು ತುಂಬಿ ತುಳುಕುತ್ತಿವೆ, ಒಣಗಿಸುವವರು ಎಳೆದುಕೊಂಡರೆ ತಾನೆ ಎಂದ. ಗೋಪುರದ ತಾಕತ್ತೇ ಅಷ್ಟು ಎಂದು ಇವನು ಗೊಣಗಿದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಮೇಜಿನ ಆ ತುದಿಯಿಂದ ಬಂತು, ಕೂತವರು ನಕ್ಕರು. ದೊಡ್ಡವರು ನಗಲಿಲ್ಲ. ಕಾರ್ಖಾನೆಯ ಯಜಮಾನರಾದ ಅವರು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ, ಅವರ ಮೆತ್ತಗಿನ ಮಾತಿಗೇ ಜನ ಬೆವರುವುದು.

"ನಾಳೆ ಸಂಜೆಯೊಳಗೆ ಹೇಳಿಬಿಡಿ," ಎಂದರು. "ಆಗಲ್ಲ ಅಂದ್ರೆ ಬೇಜಾರಿಲ್ಲ. ದ್ರವಾನ ಹೊರಗಡೆ ಕಳಿಸಿ ಒಣಗಿಸ್ಕೊಳ್ಳೋಣ. ಹಾಗೆ ಮಾಡಿದ್ಮೇಲೆ ಈ ಗೋಪುರ ಇಟ್ಕೊಂಡು ಏನ್ಮಾಡೋದು ಅಂತಲೂ ನೋಡ್ಬೇಕಾಗುತ್ತೆ."

ಬೇಜಾರಿಲ್ಲ ಎಂಬ ಆ ಒಂದು ಮಾತು ಇಡೀ ರಾತ್ರಿ ಅವನನ್ನು ಮಲಗಲು ಬಿಟ್ಟಿರಲಿಲ್ಲ. ಬಸ್ಸಿನ ಕಂಬಿ ಹಿಡಿದು ನಿಂತಾಗಲೂ ಕಿವಿಯಲ್ಲೇ ಇತ್ತು. ಗೋಪುರ ನಿಂತರೆ ಅವನೊಬ್ಬನೇ ಬೀದಿಗೆ ಬೀಳುವುದಿಲ್ಲ. ಪಾಳಿಯ ಮೇಲೆ ದುಡಿಯುವ ಅಷ್ಟೂ ಜನ, ಚೀಲ ಹೊಲಿಯುವ ಹೆಂಗಸರು, ಎಲ್ಲರೂ. ಅವರ ಮುಖಗಳನ್ನು ಒಂದೊಂದಾಗಿ ನೆನೆಯಲು ಹೋಗಿ ನಿಲ್ಲಿಸಿದ. ಪಕ್ಕದ ಸೀಟಿನಲ್ಲಿ ಒಂದು ಮಗುವಿನ ಮೊಣಕಾಲಿಗೆ ಕೆಂಪು ಔಷಧಿ ಹಚ್ಚಿತ್ತು, ಅದು ಅವನನ್ನೇ ಪಿಳಿಪಿಳಿ ನೋಡುತ್ತಿತ್ತು, ಇವನು ಅಪರಾಧಿಯ ಹಾಗೆ ಕಣ್ಣು ತಪ್ಪಿಸಿ ಕಿಟಕಿಯಾಚೆ ನೋಡಿದ. ಅಲ್ಲಿ ಗಾರೆ ಕೆಲಸದವನೊಬ್ಬ ಗೋಡೆಗೆ ಸುತ್ತಿಗೆ ಹೊಡೆಯುತ್ತಿದ್ದ, ಅಷ್ಟೇ ಸಾಕಾಯಿತು. ಹಿಂದೊಮ್ಮೆ ನಡೆದ ಸಭೆ ನೆನಪಾಯಿತು, ಅವತ್ತು ಮೇಜಿನ ಮೇಲೆ ಒಂದು ಚೀಲ ಮಲಗಿತ್ತು. ಲಾರಿ ತುಂಬ ಹೋದ ಪುಡಿ ಒಳಗೆ ನೀರಿನ ಪಸೆ ಉಳಿದು ಕಲ್ಲಾಗಿ ವಾಪಸು ಬಂದಿತ್ತು, ಗಿರಾಕಿಗಳು ಒಂದು ಚೀಲಕ್ಕೂ ಕೈ ಹಚ್ಚದೆ ತಿರುಗಿಸಿದ್ದರು. ದೊಡ್ಡವರು ಸುತ್ತಿಗೆಯೊಂದನ್ನು ಅವನ ಮುಂದೆ ಸರಿಸಿ, ಒಂದು ಚಮಚ ಪುಡಿ ತೆಗೆದುಕೊಡಿ ನೋಡೋಣ, ಎಂದಿದ್ದರು, ಅದೇ ಮೆತ್ತಗಿನ ದನಿಯಲ್ಲಿ. ಅವನು ಹೊಡೆದ. ಮೊದಲ ಏಟಿಗೆ ಒಡೆಯಲಿಲ್ಲ. ಎರಡನೆಯದಕ್ಕೆ ಚೂರೊಂದು ಸಿಡಿದು ಮೀಸೆಯ ಟೀ ಲೋಟದೊಳಗೆ ಬಿತ್ತು, ನಕ್ಕರು ನೋಡಿ, ಗೋಡೆಗಳೂ ನಕ್ಕ ಹಾಗೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಅಂದಿನಿಂದ ಪುಡಿಯಲ್ಲಿ ಪಸೆ ಎಂಬುದನ್ನು ಅವನು ಮನೆಯೊಳಗೆ ನುಗ್ಗಿದ ಹಾವನ್ನು ನೋಡುವಂತೆ ನೋಡತೊಡಗಿದ.

ಗೇಟು ದಾಟಿ ಬಂದರೆ ಗೋಪುರ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಅದರ ಬುಡದಲ್ಲಿ ಒಂದು ಕರಿಹಲಗೆ. ಪ್ರಯೋಗಾಲಯದವರು ಬಂದು ಪುಡಿಯಲ್ಲಿ ಉಳಿದ ನೀರಿನ ಅಂಶವನ್ನು ನೂರಕ್ಕೆ ಇಷ್ಟೆಂದು ಅಲ್ಲಿ ಬರೆದು ಹೋಗುತ್ತಾರೆ. ಬೆಳಗಿನ ಅಂಕಿ ನಾಲ್ಕು. ಸಾಮಾನ್ಯವಾಗಿ ಆ ನಾಲ್ಕನ್ನು ನೋಡಿದರೆ ಅವನಿಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ. ಇವತ್ತು ಮಾತ್ರ ಅದು ಕಣ್ಣಿಗೆ ಬಿದ್ದ ಕಸದ ಹಾಗೆ ಕಿರಿಕಿರಿ ಮಾಡಿತು. ಗಿರಾಕಿಯ ಜೊತೆಗಿನ ಕರಾರಿನಲ್ಲಿ ಹತ್ತರವರೆಗೆ ಅಡ್ಡಿಯಿಲ್ಲ. ಪ್ರಯೋಗಾಲಯ ಎಂಟನ್ನು ದಾಟಲು ಬಿಡುವುದಿಲ್ಲ. ಸುತ್ತಿಗೆಯ ದಿನದ ಮೇಲೆ ಇವನು, ಯಾರಿಗೂ ಕಾರಣ ಹೇಳದೆ, ತನ್ನವರಿಗೆ ಆರು ಎಂದಿದ್ದ. ಹಾಗಾದರೆ ನಾಲ್ಕು ಎಲ್ಲಿಂದ ಬಂತು? ಇಷ್ಟು ದಿನ ಈ ಪ್ರಶ್ನೆ ತನಗೆ ಹೊಳೆಯಲೇ ಇಲ್ಲವಲ್ಲ, ಎಂಥ ಕುರುಡ ನಾನು, ಎಂದು ಅಲ್ಲೇ ನಿಂತ. ಉತ್ತರ ಹುಡುಕುವ ಧೈರ್ಯವಿಲ್ಲದೆ, ಸುಮ್ಮನೆ ಏನೋ ನೋಡುವವನಂತೆ ಕಬ್ಬಿಣದ ಏಣಿ ಹತ್ತಿದ.

ಗೋಪುರದ ಮೇಲಿನ ಜಗಲಿಗೆ ಅವನು ಬಹಳ ದಿನಗಳಿಂದ ಬಂದಿರಲಿಲ್ಲ. ಅಲ್ಲಿ ಗೋಪುರದಿಂದ ಹೊರಹೋಗುವ ಗಾಳಿಯ ದೊಡ್ಡ ಕೊಳವೆ ಬಾಗಿ ಆಕಾಶಕ್ಕೆ ಬಾಯಿ ತೆರೆದುಕೊಂಡಿದೆ. ಅದರ ಹತ್ತಿರ ಮುಖ ಒಡ್ಡಿದರೆ ಕೆನ್ನೆ ಸುಡುವಂಥ ಬಿಸಿ. ಕೆಳಗೆ ಊರು ಕಾಣುತ್ತಿತ್ತು: ಒಗೆದ ಬಟ್ಟೆಗಳು ನೇತಾಡುವ ಟೆರೇಸುಗಳು, ನೀರಿನ ಟ್ಯಾಂಕುಗಳು, ಆಚೆ ಕೆಂಪು ಹೊಳೆ. ಅವನು ಕೊಳವೆಯ ಮುಂದೆ ಕೈ ಹಿಡಿದು ನಿಂತ. ಒಳಗೆ ಹೋಗುವ ಗಾಳಿಗೆ ಇನ್ನೂರ ಹತ್ತು ಡಿಗ್ರಿ ಬಿಸಿ, ಆಚೆ ಬರುವಾಗ ನೂರ ಹತ್ತು. ಗಾಳಿ ಎಷ್ಟು ಬಿಸಿಯನ್ನು ಒಳಗೆ ಬಿಟ್ಟು ಬರುತ್ತದೋ ಅಷ್ಟು ನೀರು ಹಾರುತ್ತದೆ, ಇದು ಓದುವ ಕಾಲದಲ್ಲೇ ಬಾಯಿಪಾಠ ಮಾಡಿದ್ದು. ಪುಡಿಯ ಕೊನೆಯ ಪಸೆ ಇದೆಯಲ್ಲ, ಅದು ಹಟಮಾರಿ. ಅದೊಂದನ್ನು ಓಡಿಸಲಿಕ್ಕೆಂದು ಗಾಳಿಯನ್ನು ಬಿಸಿಬಿಸಿಯಾಗಿಯೇ ಆಚೆ ಬಿಡಬೇಕು. ಅಂದರೆ ಇಷ್ಟೂ ದಿನ ಗೋಪುರದ ಕಾಲು ಪಾಲು ತಾಕತ್ತನ್ನು ಈ ಕೊಳವೆಯ ಮೂಲಕ ಕಾಗೆಗಳಿಗೆ ಮೈ ಕಾಯಿಸಲು ಕೊಟ್ಟಿದ್ದಾನೆ. ಗೋಪುರಕ್ಕೆ ತಾಕತ್ತಿಲ್ಲ ಅಂದವನು ನೀನೇ ತಾನೆ, ಎಂದು ಯಾರೋ ಕಿವಿಯ ಹತ್ತಿರ ಅಂದಂತಾಯಿತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು, ಆದರೆ ನಾಚಿಕೆಯ ಅಡಿಯಲ್ಲಿ ಇನ್ನೊಂದೇನೋ ಇತ್ತು, ಬಹಳ ಕಾಲದ ಮೇಲೆ ಹಸಿವಾದಂಥ ಒಂದು ಸಂತೋಷ. ಇದೆಯಲ್ಲ! ತಾಕತ್ತು ಇಲ್ಲೇ ಇದೆಯಲ್ಲ! ಇದನ್ನು ಯಾರ ಮುಂದಾದರೂ ಹೇಳಲೇಬೇಕೆನಿಸಿ ಏಣಿಯನ್ನು ಎರಡೆರಡು ಮೆಟ್ಟಿಲು ಹಾರಿ ಇಳಿದ.

ಪ್ರಯೋಗಾಲಯದಲ್ಲಿ ಇರುವುದು ಒಬ್ಬ ಹೆಂಗಸು, ಕಾರ್ಖಾನೆಗೆಲ್ಲ ಅಕ್ಕ. ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ, ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವಳಾದರೂ. ಕರಾರಿನಲ್ಲಿ ಹತ್ತು ಇರುವಾಗ ನೀವು ಎಂಟು ಎಂದು ಯಾಕೆ ಹಿಡಿದಿದ್ದೀರಿ ಎಂದು ಅವನು ಕೇಳಿದಾಗ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು. ಗೋಪುರದವರು ಮಾತು ಕೇಳುವವರಲ್ಲ, ಹತ್ತು ಅಂದರೆ ಹನ್ನೆರಡು ಮಾಡಿ ಕಳಿಸುತ್ತಾರೆ, ಅದಕ್ಕೇ ಎರಡು ಅಂಕಿ ಕೈಯಲ್ಲಿಟ್ಟುಕೊಂಡೆ ಅಂದಳು. ಅವನು ಬಾಯಿ ಬಿಟ್ಟು ಅವಳನ್ನೇ ನೋಡಿದ. ಆಮೇಲೆ ತಾನೂ ಎರಡು ಕೈಯಲ್ಲಿಟ್ಟುಕೊಂಡದ್ದನ್ನು ಹೇಳಿದ. ಮೊದಲು ನಕ್ಕವಳು ಅವಳು, ಬಾಯಿಗೆ ಸೆರಗು ಅಡ್ಡ ಹಿಡಿದು. ಹಾಗಾದರೆ ಆ ಕಲ್ಲಾದ ಚೀಲಗಳು, ಎಂದು ಅವನು ತೊದಲಿದ. ನನ್ನ ಪರೀಕ್ಷೆಗೆ ಮುಂಚೆಯೇ ಹೊರಟ ಆ ಲೋಡಿನ ಪುಡಿ ಹದಿಮೂರು ಇತ್ತು, ಗಾಳಿ ಕಾಯಿಸುವ ಒಲೆ ಅವತ್ತು ಸರಿಯಾಗಿ ಉರಿದಿರಲಿಲ್ಲ, ಆ ಸಂಗತಿ ಎಲ್ಲರಿಗೂ ಗೊತ್ತಿತ್ತಲ್ಲ, ನಿಮಗೊಬ್ಬರಿಗೆ ಸುತ್ತಿಗೆ ಮಾತ್ರ ನೆನಪುಳಿದಿದೆ, ಎಂದಳು. ಆಮೇಲೆ ಬೀರುವಿನ ಒಳಗಿಂದ ಒಂದು ಬಾಟಲಿ ತಂದಳು. ಪ್ರತಿಯೊಂದು ದಿನದ ಪುಡಿಯಲ್ಲೂ ಒಂದು ಬಾಟಲಿ ತೆಗೆದಿಡುವುದು ಅಲ್ಲಿನ ಪದ್ಧತಿ. ಇದು ಒಂಬತ್ತು ಬಂದಿದ್ದ ದಿನದ್ದು, ಹೋದ ವರ್ಷದ್ದು, ನಾನು ಎಂಟು ಎಂದು ಹಿಡಿಯುವ ಮುಂಚಿನದ್ದು, ಲಾರಿಯೂ ಹೋಯಿತು, ಒಬ್ಬರೂ ಚಕಾರ ಎತ್ತಲಿಲ್ಲ ಅಂದಳು. ಬಾಟಲಿಯನ್ನು ಅವಳು ಓರೆ ಮಾಡಿದಾಗ ಪುಡಿ ಸಕ್ಕರೆಯ ಹಾಗೆ ಸರಸರ ಜಾರಿತು. ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದರೆ ಅವಳು ಸಂಕೋಚದಿಂದ ಕಿಟಕಿಯ ಕಡೆ ನೋಡಿದಳು.

"ಹೇಳಿದ್ರೆ ನೀವು ರಾತ್ರಿಯೆಲ್ಲ ನಿದ್ದೆ ಮಾಡ್ತಿರ್ಲಿಲ್ಲ," ಎಂದಳು.

ಅಷ್ಟಾದರೂ ನಾಲ್ಕರ ಲೆಕ್ಕ ಇನ್ನೂ ಬಾಕಿಯಿತ್ತು. ಗೋಪುರದ ಬುಡದ ಕೋಣೆಯಲ್ಲಿ ಗುಂಡಿ, ಚಕ್ರಗಳ ಮುಂದೆ ಕೂರುವವನಿಗೆ ಗಟ್ಟಿಗ ಎಂದು ಹೆಸರು. ಒಮ್ಮೆ ಉರಿಯುತ್ತಿದ್ದ ಮೋಟರನ್ನು ಬರಿಗೈಯಲ್ಲಿ ಆರಿಸಿದವನು, ಯಾರ ಅಪ್ಪನಿಗೂ ಹೆದರುವವನಲ್ಲ ಎಂದು ಖ್ಯಾತಿ. ಆರು ಅಂತ ಹೇಳಿದ್ದೆನಲ್ಲ, ನಾಲ್ಕು ಯಾಕೆ ಬರ್ತಿದೆ ಎಂದು ಇವನು ಕೇಳಿದ. ಗಟ್ಟಿಗ ಮೊದಲು ಹವಾ ಅಂದ, ಆಮೇಲೆ ದ್ರವ ಅಂದ, ಆಮೇಲೆ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಂಡ. ಕೊನೆಗೆ ನಿಜ ಬಾಯಿಬಿಟ್ಟ: ಸಾರ್, ನೀವು ಆರಕ್ಕೇ ಅಷ್ಟು ಒದ್ದಾಡುತ್ತೀರಲ್ಲ, ಏಳಾಯಿತು ಅಂತ ಗೊತ್ತಾದರೆ ನಿಮ್ಮ ಮುಖ ನೋಡಲಾಗುವುದಿಲ್ಲ, ಅದಕ್ಕೇ ನಾವೆಲ್ಲ ಪಾಳಿಯವರೂ ಸೇರಿ ಎರಡು ಕೈಯಲ್ಲಿಟ್ಟುಕೊಂಡಿದ್ದೀವಿ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ. ಈ ಒರಟ ಗಂಡಸರು ತನ್ನ ಮುಖ ಬಾಡದಿರಲಿ ಎಂದು ಗುಟ್ಟಾಗಿ ಎರಡು ಅಂಕಿ ಬಚ್ಚಿಟ್ಟಿದ್ದಾರೆ. ತನ್ನ ಪುಕ್ಕಲುತನ ಒಬ್ಬನ ಸ್ವಂತ ಆಸ್ತಿ ಎಂದುಕೊಂಡಿದ್ದ, ನೋಡಿದರೆ ಇಡೀ ಕಾರ್ಖಾನೆಯೇ ಅದನ್ನು ಪಾಲು ಹಂಚಿಕೊಂಡು ಹೊತ್ತಿದೆ. ಆಚೆ ಹೋಗುವ ಗಾಳಿಯನ್ನು ಎಂಬತ್ತೈದು ಡಿಗ್ರಿಗೆ ಇಳಿಸೋಣ, ದ್ರವದ ಪಂಪು ಏರಿಸೋಣ ಎಂದ.

ಗಟ್ಟಿಗನ ಮುಖ ಬಿಳಿಚಿಕೊಂಡಿತು. ಹೆದರುವುದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಪುಡಿ ಒಂದಿಷ್ಟು ಹಸಿಯಾದರೂ ಗೋಪುರದ ಗೋಡೆಗೆ ಅಂಟುತ್ತದೆ, ಅಂಟಿದ್ದರ ಮೇಲೆ ಇನ್ನಷ್ಟು, ಕೊನೆಗೆ ಪುಡಿ ಇಳಿಯುವ ಬುಡದ ಆಲಿಕೆ ಕಟ್ಟಿಕೊಂಡು ಎಲ್ಲ ನಿಲ್ಲುತ್ತದೆ. ಒಳಗಿಳಿದು ಕೆರೆಯುವುದಕ್ಕೆ ಒಂದು ದಿನ ಬೇಕು. ಅದೂ ಇವತ್ತು ನಿಂತರೆ ದೊಡ್ಡವರ ಪ್ರಶ್ನೆಗೆ ಗೋಪುರವೇ ಉತ್ತರ ಕೊಟ್ಟಂತೆ. ಸುಮ್ಮನಿದ್ದರೂ ಹೋಯಿತು, ಕೈ ಹಾಕಿದರೂ ಹೋಗಬಹುದು. ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋಗಿ, ಎಂದ ಅವನು. ನೂರ ಹತ್ತರಿಂದ ಮುಳ್ಳು ಇಳಿಯತೊಡಗಿತು. ನೂರರ ಹತ್ತಿರ ಬಂದಾಗ ಅವನ ಕೈ ತಾನಾಗಿಯೇ ಗುಂಡಿಯ ಕಡೆ ಹೋಯಿತು. ಅದನ್ನು ಎಳೆದು ಬೆನ್ನ ಹಿಂದೆ ಕಟ್ಟಿಕೊಂಡ. ನೋಡಿದರೆ ಗಟ್ಟಿಗನೂ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಾನೆ. ತೊಂಬತ್ತೈದು. ಚೀಲ ಹೊಲಿಯುವ ಹೆಂಗಸರು ಸೂಜಿ ಕೆಳಗಿಟ್ಟು ಕೂತಿದ್ದರು. ಮದುವೆಯ ಹೊಸತರ ಆ ರೈಲು ಸ್ಟೇಷನ್ನು ಕಣ್ಣ ಮುಂದೆ ಬಂತು, ಖಾಲಿ ಹಳಿಗಳು, ಹೆಂಡತಿಯ ನಗು. ತಾನು ಜೀವಮಾನವಿಡೀ ಬರಲಿರುವ ರೈಲಿಗೆ ಕಾದದ್ದಲ್ಲ, ತಪ್ಪಿಹೋಗಬಹುದಾದ ರೈಲಿಗೆ ಹೆದರಿದ್ದು, ಎರಡಕ್ಕೂ ಎಷ್ಟು ವ್ಯತ್ಯಾಸ ಎಂದು ಈಗ ಹೊಳೆಯುತ್ತಿದೆ, ಹೊಳೆಯುವುದಕ್ಕೂ ಹೊತ್ತುಗೊತ್ತು ಬೇಡವೇ. ತೊಂಬತ್ತು. ಆಗ ಗೋಪುರದ ಹೊಟ್ಟೆಯೊಳಗೆ ದಬ್ ಎಂದು ಏನೋ ಬಿತ್ತು.

ಎಂದೋ ಗೋಡೆಗೆ ಕಟ್ಟಿಕೊಂಡಿದ್ದ ಹಕ್ಕಳೆಯೋ, ಈಗ ಕಟ್ಟುತ್ತಿರುವ ಹಸಿ ಮುದ್ದೆಯೋ, ಹೊರಗಿನಿಂದ ಹೇಳುವುದು ಹೇಗೆ. ಗಟ್ಟಿಗ ಅವನ ಮುಖ ನೋಡಿದ. ನಿಲ್ಲಿಸಿ ಎಂಬ ಮಾತು ಇವನ ನಾಲಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿದ. ಜೀವನದಲ್ಲಿ ಮೊದಲ ಸಲ, ಏನಾಗುತ್ತದೋ ನೋಡೇಬಿಡೋಣ ಅನ್ನಿಸಿತು. ಆಲಿಕೆಯ ಕೆಳಗಿನ ಜರಡಿಯ ಮೇಲೆ ಅಂಗೈಯಗಲದ ಒಣ ಹಕ್ಕಳೆಯೊಂದು ಬಂದು ಬಿದ್ದು ಪುಡಿಪುಡಿಯಾಯಿತು. ಹಳೆಯದು. ಅದರ ಹಿಂದೆಯೇ ಹೊಸ ಪುಡಿ ಸುರಿಯಿತು, ಮೊದಲಿಗಿಂತ ಒಂದಿಷ್ಟು ಕಡುಹಳದಿ, ಮೊದಲಿಗಿಂತ ದಪ್ಪ ಧಾರೆ. ಚೀಲದ ಹೆಂಗಸರಲ್ಲಿ ಹಿರಿಯವಳು, ಬಂತು ಕಣ್ರೇ ಎದ್ದೇಳಿ, ಎಂದು ಉಳಿದವರನ್ನು ಎಬ್ಬಿಸಿದಳು. ಮುಳ್ಳು ಎಂಬತ್ತೈದರಲ್ಲಿ ನಿಂತಿತು. ಅವನು ಒಂದು ಹಿಡಿ ತೆಗೆದು ಬಲವಾಗಿ ಅದುಮಿದ, ಬೆರಳು ಬಿಡಿಸಿದ. ಉಂಡೆ ಒಂದು ಕ್ಷಣ ನಿಂತು, ಮನಸ್ಸು ಬದಲಾಯಿಸಿದಂತೆ ಉದುರಿಹೋಯಿತು. ಅಕ್ಕ ತಾನೇ ಬಂದು ಪುಡಿ ಒಯ್ದಳು, ಓಡುತ್ತಲೇ ವಾಪಸು ಬಂದಳು. ಅವಳು ಓಡಿದ್ದನ್ನು ಆ ಕಾರ್ಖಾನೆ ಕಂಡಿರಲಿಲ್ಲ. ಹಲಗೆಯ ಮೇಲಿನ ನಾಲ್ಕನ್ನು ಅಂಗೈಯಿಂದಲೇ ಒರೆಸಿ ಎಂಟೂವರೆ ಎಂದು ಬರೆದಳು, ಪಕ್ಕದಲ್ಲಿ ತನ್ನ ಎಂಟರ ಮಿತಿಯನ್ನೂ ಅಳಿಸಿ ಹತ್ತು ಮಾಡಿದಳು.

ಮಧ್ಯಾಹ್ನ ಇಳಿಯುತ್ತಿದ್ದಂತೆ ಫೋನು ಬಂತು. ಮೀಸೆ. ನಿಮ್ಮ ಪಂಪಿಗೇನಾಗಿದೆ, ಹಂಡೆಯಲ್ಲಿ ದ್ರವ ಕಾಲು ಅಡಿಯೂ ನಿಲ್ಲುತ್ತಿಲ್ಲ, ಎಲ್ಲಾದರೂ ಸೋರುತ್ತಿದೆಯಾ ನೋಡಿ ಎಂದು ಕೂಗಾಡಿದ. ಸೋರುತ್ತಿಲ್ಲ, ಒಣಗುತ್ತಿದೆ, ಇನ್ನೂ ಇದ್ದರೆ ಕಳಿಸಿ, ಎಂದು ಹೇಳಿ ಇವನು ಫೋನಿಟ್ಟ. ಗಟ್ಟಿಗ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ನಕ್ಕ, ತನ್ನ ನಗು ತನಗೇ ಅಪರಿಚಿತವೆನಿಸುವಷ್ಟು ಜೋರಾಗಿ. ಕೈ ತೊಳೆಯದೆ, ಅಂಗಿಯ ಮೇಲಿನ ಹಳದಿಯನ್ನೂ ಕೊಡವದೆ, ದೊಡ್ಡವರ ಕೋಣೆಯ ಕಡೆ ನಡೆದ. ದಾರಿಯಲ್ಲಿ ಎದುರಾದವರೆಲ್ಲ ಪಕ್ಕಕ್ಕೆ ಸರಿದರು, ಹಳದಿ ಮೆತ್ತೀತೆಂದೋ, ಮುಖ ನೋಡಿಯೋ.

ಕೋಣೆಯಲ್ಲಿ ದೊಡ್ಡವರು ಫೋನಿನಲ್ಲಿದ್ದರು. ಎದುರಿಗೆ ಮೀಸೆ ಆಗಲೇ ಬಂದು ಕೂತಿದ್ದ. ಇವನು ಬಾಗಿಲಲ್ಲೇ ನಿಂತು, ಆಗುತ್ತೆ ಸರ್, ಆಗ್ತಾ ಇದೆ, ಪುಡಿ ಎಂಟೂವರೆ ಇದೆ ಎಂದ. ದೊಡ್ಡವರು ತಲೆಯಾಡಿಸಿದರು. ಅವರ ಕಣ್ಣಲ್ಲಿ ಬೆಳಕು ಬಂದದ್ದು ಕಂಡಿತು. ಫೋನಿನ ಆ ತುದಿಯಲ್ಲಿ ಇದ್ದದ್ದು ಊರಿಗೆ ನೀರು ಕೊಡುವ ಇಂಜಿನಿಯರು. ಹೆಚ್ಚು ಪುಡಿ ಕೊಡುತ್ತೇವೆ, ಅನುಮಾನ ಬೇಡ ಎಂದರು ದೊಡ್ಡವರು. ಕಾಲು ಭಾಗ ಹೆಚ್ಚೇ ಸಿಗುತ್ತಾ ಎಂದು ಆತ ಕೇಳಿರಬೇಕು. ದೊಡ್ಡವರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಆ ಬೆರಳುಗಳನ್ನು ನೋಡುತ್ತಿದ್ದ ಇವನಿಗೆ ಅವರು ಏನು ಹೇಳಲಿದ್ದಾರೆಂಬುದು ಮೊದಲೇ ತಿಳಿದುಹೋಯಿತು.

"ಐದರಲ್ಲಿ ಒಂದು ಪಾಲು ಹೆಚ್ಚು ಅಂತ ಇಟ್ಕೊಳ್ಳಿ ಈಗ," ಎಂದರು ದೊಡ್ಡವರು ಫೋನಿಗೆ. "ಯಾವುದಕ್ಕೂ ಇರಲಿ ಅಂತ."

ಇವರೂ! ಈ ಮೆತ್ತಗಿನ ದನಿಯ ಒಳಗೂ ಅದೇ! ಸುತ್ತಿಗೆ ಸರಿಸಿದ ಕೈ ಕೂಡ ಹೆದರಿದ ಕೈಯೇ ಎಂಬುದು ಅವನಿಗೆ ಹೊಳೆದು, ಅವರ ಬಗ್ಗೆ ಎಲ್ಲಿಲ್ಲದ ಮಮತೆ ಉಕ್ಕಿತು, ಅದರ ಜೊತೆಗೇ ಎಲ್ಲಿಲ್ಲದ ಸ್ವಾತಂತ್ರ್ಯ. ಅವನು ಮೇಜಿನವರೆಗೆ ನಡೆದುಬಂದ. ಕಾರ್ಪೆಟ್ಟಿನ ಮೇಲೆ ಹಳದಿ ಹೆಜ್ಜೆಗಳು ಮೂಡಿದವು.

"ಕಮ್ಮಿ ಹೇಳ್ಬೇಡಿ ಸರ್," ಎಂದ. "ಕಾಲು ಭಾಗ. ಪೂರ್ತಿ."

ಮೀಸೆ ಕುರ್ಚಿಯಲ್ಲಿ ಮಿಸುಕಾಡಿದ. ದೊಡ್ಡವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ತಮ್ಮ ಕಾರ್ಖಾನೆಯಲ್ಲಿ ಇಂಥವನೊಬ್ಬ ಯಾವಾಗ ಸೇರಿದ ಎಂಬಂತೆ. ಆಮೇಲೆ ಫೋನನ್ನೇ ಅವನ ಕಡೆ ಚಾಚಿದರು. ಅವನು ತೆಗೆದುಕೊಂಡ. ಆ ಕಡೆಯ ದನಿ ದಣಿದಿತ್ತು, ಕದಡಿದ ನೀರಿನ ಮುಂದೆ ರಾತ್ರಿಗಳನ್ನು ಕಳೆದವನ ದನಿ. ಕಾಲು ಭಾಗ ಅಂತೀರಲ್ಲ, ಅದು ಯಾವಾಗಿನಿಂದ, ಮುಂದಿನ ವಾರದಿಂದಲಾ, ಎಂದು ಕೇಳಿತು.

"ಬೆಳಗಿನಿಂದ ಚೀಲ ತುಂಬ್ತಾ ಇದೀವಿ," ಎಂದ ಅವನು. "ಲಾರಿ ಕಳಿಸಿ."